ಬೆರಳಗಲದ ಜಿಪ್ ಕವರು: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಮಣಿ, ಸ್ಕ್ರೂ, ಗುಂಡಿ, ಬೀಜ, ಓಲೆ ಮುಂತಾದ ಚಿಕ್ಕಪುಟ್ಟ ಸಾಮಾನು ತುಂಬಿಡುವ ಪುಟ್ಟ ಜಿಪ್‌ಲಾಕ್ ಕವರುಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಚಿಕ್ಕದಾಗಿಸಿದ್ದೇವೆ.

2×3 ಎಂದು ಕೇಳಿ ತಂದ ಕವರಿನಲ್ಲಿ ಎರಡು ಇಂಚು ಅಗಲದ ವಸ್ತು ಹೋಗುತ್ತಲೇ ಇಲ್ಲ. ಅಳತೆಯೇ ಸುಳ್ಳೇ? ಮೈಕ್ರಾನ್ ಎಷ್ಟಿರಬೇಕು?

ಅಳತೆ ಸುಳ್ಳಲ್ಲ, ಅದು ಚಪ್ಪಟೆಯಾಗಿ ಮಲಗಿದ ಕವರಿನ ಅಳತೆ. ಮೊದಲು ಹೇಳುವುದು ಅಗಲ, ಆಮೇಲಿನದು ಎತ್ತರ. ಎತ್ತರವನ್ನು ಸಾಮಾನ್ಯವಾಗಿ ಜಿಪ್ಪಿನ ಕೆಳಗಿನಿಂದ ತಳದವರೆಗೆ ಅಳೆಯುತ್ತಾರೆ. ಜಿಪ್ಪಿನ ಮೇಲಿನ ತುಟಿ ಲೆಕ್ಕಕ್ಕಿಲ್ಲ. ಒಳಗೆ ದಪ್ಪದ ವಸ್ತು ಹೋದಾಗ ಕವರು ಉಬ್ಬುತ್ತದೆ, ಉಬ್ಬಿದಷ್ಟೂ ಅಗಲ ಕುಗ್ಗುತ್ತದೆ. ಹಾಗಾಗಿ ವಸ್ತುವಿನ ಅಗಲಕ್ಕೆ ಅದರ ದಪ್ಪವನ್ನೂ ಕೂಡಿಸಿ, ಮೇಲೆ 10 ಮಿ.ಮೀ. ಸಡಿಲ ಬಿಡಿ. 30 ಮಿ.ಮೀ. ಅಗಲ, 15 ಮಿ.ಮೀ. ದಪ್ಪದ ವಸ್ತುವಿಗೆ ಬೇಕಾಗುವುದು 55 ಮಿ.ಮೀ. ಅಂದರೆ 2 ಇಂಚಿನ (50 ಮಿ.ಮೀ.) ಕವರು ಸಾಲದು, 3 ಇಂಚಿನದಕ್ಕೇ ಹೋಗಬೇಕು. ಎತ್ತರಕ್ಕೂ ಇದೇ ಲೆಕ್ಕ. ಹೇಗೋ ತುರುಕಿದರೆ ಮೊದಲ ದಿನ ಮುಚ್ಚಿಕೊಳ್ಳುತ್ತದೆ, ನಾಲ್ಕನೆಯ ದಿನ ಜಿಪ್ಪು ತಾನೇ ಬಾಯಿ ಬಿಡುತ್ತದೆ.

ದಪ್ಪದ ವಿಚಾರ: ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಮಣಿ, ಗುಂಡಿ, ಕಾಗದದ ಚೂರುಗಳಿಗೆ 40–50 ಮೈಕ್ರಾನ್ ಸಾಕು. ಸ್ಕ್ರೂ, ಮೊಳೆ, ಲೋಹದ ಚೂಪು ತುಣುಕುಗಳಿಗೆ 100 ಮೈಕ್ರಾನ್ ಬೇಕು. ಕೆಲವು ಪೊಟ್ಟಣಗಳ ಮೇಲೆ ‘ಮಿಲ್’ ಎಂದಿರುತ್ತದೆ. ಅದು ಮಿಲಿಮೀಟರ್ ಅಲ್ಲ, ಇಂಚಿನ ಸಾವಿರದ ಒಂದು ಭಾಗ, 25.4 ಮೈಕ್ರಾನ್. 2 ಮಿಲ್ ಎಂದರೆ ಸುಮಾರು 50, 4 ಮಿಲ್ ಎಂದರೆ ಸುಮಾರು 100. ‘200 ಗೇಜ್’ ಎಂದಿದ್ದರೂ ಅದೇ 50 ಮೈಕ್ರಾನ್. ಆದರೆ ಆ ಅಂಕಿ ಒಂದು ಪದರದ್ದೋ ಎರಡೂ ಪದರ ಸೇರಿದ್ದೋ ಎಂಬುದನ್ನು ಕೇಳಿ ತಿಳಿದುಕೊಳ್ಳಿ, ಮೋಸ ಹೋಗುವುದು ಅಲ್ಲೇ. ದಪ್ಪ ಅಳೆಯುವ ಕ್ಯಾಲಿಪರ್ ಇದ್ದರೆ ಖಾಲಿ ಕವರನ್ನು ಎರಡು ಸಲ ಮಡಿಸಿ, ಎಂಟು ಪದರ ಮಾಡಿ ಒತ್ತಿ ಅಳೆದು ಎಂಟರಿಂದ ಭಾಗಿಸಿ. 0.40 ಮಿ.ಮೀ. ಬಂದರೆ ಪದರಕ್ಕೆ 50 ಮೈಕ್ರಾನ್.

ಜಿಪ್ ಒತ್ತಿದರೂ ಒಂದು ಮೂಲೆಯಲ್ಲಿ ತೆರೆದೇ ಇರುತ್ತದೆ. ಸರಿಮಾಡಬಹುದೇ?

ಜಿಪ್ಪಿನ ಒಂದು ಬದಿಯಲ್ಲಿ ಏಣು, ಇನ್ನೊಂದು ಬದಿಯಲ್ಲಿ ತೋಡು ಇರುತ್ತದೆ. ಏಣು ತೋಡಿನೊಳಗೆ ಕೂತರೆ ಮುಚ್ಚಿದಂತೆ. ತೋಡಿನಲ್ಲಿ ಒಂದು ಮರಳಿನ ಕಣ ಅಥವಾ ಮಣಿಯ ಚೂರು ಕೂತರೂ ಅದರ ಎರಡೂ ಬದಿಗೆ ಸ್ವಲ್ಪ ದೂರ ಏಣು ಎದ್ದೇ ಇರುತ್ತದೆ. ಒದ್ದೆ ಮಾಡಿದ ಹತ್ತಿಕಡ್ಡಿಯನ್ನು ತೋಡಿನುದ್ದ ಎಳೆಯಿರಿ, ಗಟ್ಟಿಯಾಗಿ ಕೂತಿದ್ದರೆ ಮರದ ಹಲ್ಲುಕಡ್ಡಿ ಬಳಸಿ. ಪಿನ್ನು ಬೇಡ, ತೋಡು ಸೀಳುತ್ತದೆ. ಒಣಗಿಸಿ, ಒಂದು ತುದಿಯಿಂದ ಶುರುಮಾಡಿ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಇನ್ನೊಂದು ತುದಿಯವರೆಗೆ ಒಂದೇ ಎಳೆತದಲ್ಲಿ ಒತ್ತುತ್ತಾ ಹೋಗಿ. ನಡುವಿನಿಂದ ಎರಡೂ ಕಡೆಗೆ ಒತ್ತಿದರೆ ಮೂಲೆಗಳು ತಪ್ಪುತ್ತವೆ.

ಕಣವೇ ಬೀಳದಂತೆ ನೋಡಿಕೊಳ್ಳುವುದು ಇನ್ನೂ ಸುಲಭ. ತುಂಬುವ ಮೊದಲು ಕವರಿನ ಬಾಯನ್ನು ಅಂಗಿಯ ತೋಳು ಮಡಿಸಿದ ಹಾಗೆ ಹೊರಕ್ಕೆ ಒಂದೂವರೆ ಸೆಂ.ಮೀ. ಮಡಿಸಿ. ಜಿಪ್ಪು ಹೊರಬದಿಗೆ ಹೋಗುತ್ತದೆ, ಒಳಗೆ ಸುರಿದದ್ದು ತೋಡಿಗೆ ತಾಗುವುದೇ ಇಲ್ಲ. ತುಂಬಿದ ಮೇಲೆ ಮಡಿಕೆ ಬಿಚ್ಚಿ ಒತ್ತಿ. ಇಷ್ಟೊಂದು ಸರಳ ಉಪಾಯವನ್ನು ಯಾಕೋ ಪೊಟ್ಟಣದ ಮೇಲೆ ಯಾರೂ ಬರೆಯುವುದಿಲ್ಲ.

ತುದಿಯಲ್ಲಿ ಜಿಪ್ಪು ಎಳೆದು ಬೆಳ್ಳಗಾಗಿದ್ದರೆ ಅದು ಹಿಗ್ಗಿಹೋಗಿದೆ ಎಂದರ್ಥ, ರಿಪೇರಿ ಇಲ್ಲ. ಕವರು ಸೋರುತ್ತಿದೆಯೋ ಎಂಬ ಅನುಮಾನವಿದ್ದರೆ ಗಾಳಿ ತುಂಬಿ ಮುಚ್ಚಿ ನೀರಿನಲ್ಲಿ ಅದ್ದಿ ಒತ್ತಿ. ಗುಳ್ಳೆ ಬಂದ ಜಾಗವೇ ತೂತು. ಹೆಚ್ಚಾಗಿ ಅದು ಜಿಪ್ಪಿನಲ್ಲಿರುವುದಿಲ್ಲ, ಕೆಳಮೂಲೆಯಲ್ಲಿ ಪಕ್ಕದ ಬೆಸುಗೆ ಮುಗಿಯುವ ಕಡೆ ಇರುತ್ತದೆ.

ಗಾಳಿ ಹೋಗದಂತೆ ಮುಚ್ಚಿಟ್ಟ ಕಬ್ಬಿಣದ ಸ್ಕ್ರೂಗಳಿಗೆ ಕವರಿನೊಳಗೇ ತುಕ್ಕು ಹಿಡಿದಿದೆ. ಹೇಗೆ ಸಾಧ್ಯ?

ಗಾಳಿ ಹೋಗುವುದಿಲ್ಲ ಎಂಬುದೇ ತಪ್ಪು ತಿಳಿವಳಿಕೆ. ಈ ಕವರುಗಳು ಪಾಲಿಥಿನ್‌ನವು, ಅದರಲ್ಲೂ ಕಡಿಮೆ ಸಾಂದ್ರತೆಯದು. ಪಾಲಿಥಿನ್ ನೀರಿನ ಹನಿಯನ್ನು ಪೂರ್ತಿ ತಡೆಯುತ್ತದೆ, ನೀರಾವಿಯನ್ನು ತಕ್ಕಮಟ್ಟಿಗೆ ತಡೆಯುತ್ತದೆ, ಆಮ್ಲಜನಕವನ್ನು ಮತ್ತು ವಾಸನೆಯನ್ನು ತಡೆಯುವುದರಲ್ಲಿ ತೀರಾ ದುರ್ಬಲ. ಕರ್ಪೂರದ ಪಕ್ಕ ಇಟ್ಟ ಕವರಿನೊಳಗಿನ ವಸ್ತುವೂ ಕರ್ಪೂರ ನಾರುವುದು ಇದಕ್ಕೇ. ಮುಂದೆ ಬರುವ ಅರ್ಧ ಪ್ರಶ್ನೆಗಳ ಬೇರೂ ಇಲ್ಲಿದೆ, ನೆನಪಿಟ್ಟುಕೊಳ್ಳಿ.

ತುಕ್ಕಿಗೆ ಇನ್ನೆರಡು ಕಾರಣಗಳಿವೆ. ಸೆಕೆಯ, ತೇವದ ಹೊತ್ತಿನಲ್ಲಿ ಕವರು ಮುಚ್ಚಿದರೆ ಆ ತೇವವೂ ಒಳಗೇ ಸೆರೆಯಾಗುತ್ತದೆ. ರಾತ್ರಿ ತಣ್ಣಗಾದಾಗ ಅದು ಲೋಹದ ಮೇಲೆ ಬೆವರಿನಂತೆ ಕೂರುತ್ತದೆ. ಬೆರಳಿನ ಬೆವರಿನಲ್ಲಿರುವ ಉಪ್ಪು ಮುಟ್ಟಿದ ಕಡೆಯಲ್ಲೆಲ್ಲ ತುಕ್ಕನ್ನು ಬೇಗ ಹುಟ್ಟಿಸುತ್ತದೆ. ಹೊಸ ಸ್ಕ್ರೂ ಮೇಲೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಮೂಡಿದ್ದನ್ನು ನೀವೂ ನೋಡಿರಬಹುದು.

ಹೀಗೆ ಮಾಡಿ. ಸ್ಕ್ರೂಗಳನ್ನು ಒಣಬಟ್ಟೆಯಿಂದ ಒರೆಸಿ. ಮಶೀನ್ ಎಣ್ಣೆಯ ಒಂದೆರಡು ಹನಿ ಹಾಕಿದ ಬಟ್ಟೆಯಲ್ಲಿ ಹೊರಳಾಡಿಸಿ, ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ. ಎಣ್ಣೆ ಜಾಸ್ತಿಯಾದರೆ ಜಿಪ್ಪಿಗೆ ಹತ್ತಿ ಅದು ಜಾರುತ್ತದೆ, ಹೊರಗೆ ಜಿನುಗಿದರೆ ಕವರಿನ ಮೇಲಿನ ಬರಹವೂ ಅಳಿಸುತ್ತದೆ. ಒಣ ಕಾಗದದ ಒಂದು ತುಂಡಿನಲ್ಲಿ ಸುತ್ತಿ ಕವರಿಗೆ ಹಾಕಿ, ಗಾಳಿ ಒತ್ತಿ ತೆಗೆದು ಮುಚ್ಚಿ.

ತೇವ ಹೀರುವ ಸಿಲಿಕಾ ಜೆಲ್ ಕಾಳು ಹಾಕಬಹುದು, ಆದರೆ ಪ್ರತಿ ಪುಟ್ಟ ಕವರಿಗೆ ಒಂದೊಂದು ಗ್ರಾಂ ಹಾಕಿದರೆ ಕೆಲವೇ ವಾರಗಳಲ್ಲಿ ಅದು ಹೀರುವಷ್ಟು ಹೀರಿ ತಣಿದುಬಿಡುತ್ತದೆ, ತೆಳು ಗೋಡೆಯ ಮೂಲಕ ನೀರಾವಿ ಬರುತ್ತಲೇ ಇರುತ್ತದಲ್ಲ. ಎಲ್ಲ ಕವರುಗಳನ್ನೂ ರಬ್ಬರ್ ಅಂಚಿನ ಬಿಗಿ ಮುಚ್ಚಳದ ಒಂದು ಡಬ್ಬಿಯಲ್ಲಿಟ್ಟು, ಡಬ್ಬಿಗೆ 20–30 ಗ್ರಾಂ ಸಿಲಿಕಾ ಹಾಕುವುದು ಸರಿಯಾದ ದಾರಿ. ನೀಲಿ ಕಾಳು ಗುಲಾಬಿಯಾದರೆ ತಣಿದಿದೆ ಎಂದರ್ಥ. ಅವನ್ನು ತಟ್ಟೆಯಲ್ಲಿ ಹರಡಿ ಓವನ್‌ನಲ್ಲಿ 110–120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೆರಡು ಗಂಟೆ ಒಣಗಿಸಿದರೆ ಮತ್ತೆ ನೀಲಿಯಾಗುತ್ತವೆ. ನೀಲಿ ಬಣ್ಣ ಕೋಬಾಲ್ಟ್ ಕ್ಲೋರೈಡ್‌ನದು, ವಿಷಕಾರಿ. ಆಹಾರದ ಹತ್ತಿರ, ಮಕ್ಕಳ ಕೈಗೆ ಬೇಡ. ಸಿಲಿಕಾವನ್ನು ಅದರ ಕಾಗದದ ಪೊಟ್ಟಣದಲ್ಲೇ ಓವನ್‌ಗೆ ಇಡಬೇಡಿ, ಪಾಲಿಥಿನ್ ಕವರಿನಲ್ಲಂತೂ ಬೇಡವೇ ಬೇಡ. 105–115 ಡಿಗ್ರಿಗೆ ಪಾಲಿಥಿನ್ ಕರಗುತ್ತದೆ.

ಕವರಿನ ಮೇಲೆ ಬರೆದದ್ದು ಅಳಿಸಿಹೋಗುತ್ತದೆ.

ಪಾಲಿಥಿನ್ ಮೈಗೆ ಶಾಯಿ ಹಿಡಿಯುವುದಿಲ್ಲ. ಪರ್ಮನೆಂಟ್ ಮಾರ್ಕರ್ ತಕ್ಕಮಟ್ಟಿಗೆ ನಿಲ್ಲುತ್ತದೆ, ಆದರೆ ಸ್ಪಿರಿಟ್ ಅಥವಾ ಸ್ಯಾನಿಟೈಸರ್ ತಾಗಿದರೆ ಹೋಗುತ್ತದೆ. (ಬರೆದದ್ದನ್ನು ಬೇಕೆಂದೇ ಅಳಿಸಲು ಇದೇ ಉಪಾಯ.) ಬರೆಯಲೆಂದೇ ಬಿಳಿ ಪಟ್ಟಿ ಇರುವ ಕವರುಗಳು ಸಿಗುತ್ತವೆ, ಅವುಗಳ ಮೇಲೆ ಬಾಲ್‌ಪೆನ್ನೂ ನಡೆಯುತ್ತದೆ. ಎಲ್ಲಕ್ಕಿಂತ ಭದ್ರವಾದದ್ದು ಒಳಗಿಡುವ ಕಾಗದದ ಚೀಟಿ, ಅದರ ಮೇಲೆ ಪೆನ್ಸಿಲ್ ಬರಹ. ಪೆನ್ಸಿಲ್ ಬರಹ ಬೆಳಕಿಗೆ ಮಾಸುವುದಿಲ್ಲ, ಎಣ್ಣೆಗೆ ಹರಡುವುದಿಲ್ಲ. ಚೀಟಿ ಕವರಿನ ಪೂರ್ತಿ ಅಗಲಕ್ಕಿರಲಿ, ಆಗ ತಿರುಗದೆ ನಿಲ್ಲುತ್ತದೆ. ಹೊರಗೆ ಬರೆಯುವುದಾದರೆ ತುಂಬುವ ಮೊದಲೇ, ಗಟ್ಟಿ ಮೇಜಿನ ಮೇಲಿಟ್ಟು ಬರೆಯಿರಿ.

ಮೊಬೈಲ್, ಗಡಿಯಾರದಂಥವನ್ನು ಬಿಚ್ಚುವಾಗ ಸ್ಕ್ರೂಗಳನ್ನು ಕವರಿನಲ್ಲಿ ಹಾಕುತ್ತೇನೆ. ಆದರೂ ಜೋಡಿಸುವಾಗ ಗೊಂದಲ.

ಎಲ್ಲ ಸ್ಕ್ರೂಗಳೂ ಒಂದೇ ಕವರಿಗೆ ಹೋಗುತ್ತಿವೆ, ಅದೇ ತಪ್ಪು. ನೋಡಲು ಒಂದೇ ಥರ ಕಾಣುವ ಎರಡು ಸ್ಕ್ರೂಗಳ ಉದ್ದದಲ್ಲಿ ಮಿಲಿಮೀಟರಿನ ಕೆಲವೇ ಅಂಶದ ವ್ಯತ್ಯಾಸ ಇರಬಹುದು. ಗಿಡ್ಡ ಸ್ಕ್ರೂ ಇರಬೇಕಾದ ತೂತಿಗೆ ಉದ್ದದ್ದನ್ನು ತಿರುಗಿಸಿದರೆ ಅದು ಕೆಳಗಿನ ಸರ್ಕ್ಯೂಟ್ ಬೋರ್ಡಿನ ಪದರವನ್ನೇ ಕೊರೆಯುತ್ತದೆ. ಆಮೇಲೆ ಏನು ಮಾಡಿದರೂ ಅಷ್ಟೇ.

ಪ್ರತಿ ಹಂತಕ್ಕೆ 2×2 ಇಂಚಿನ ಒಂದು ಕವರು. ಮೇಲೆ ಹಂತದ ಸಂಖ್ಯೆ, ಸ್ಕ್ರೂಗಳ ಎಣಿಕೆ, ಜಾಗ: “3. ಬ್ಯಾಟರಿ ಪಟ್ಟಿ, 4 ಸ್ಕ್ರೂ, ಎಡ ಮೇಲಿನದು ಉದ್ದ.” ಉದ್ದ ಬೇರೆಯಾದದ್ದಕ್ಕೆ ಪ್ರತ್ಯೇಕ ಕವರೇ ಒಳ್ಳೆಯದು. ಬಿಚ್ಚುವ ಮುನ್ನ ಫೋಟೋ ತೆಗೆದುಕೊಳ್ಳಿ. ಭಾಗ ದೊಡ್ಡದಿದ್ದರೆ ಕವರನ್ನು ಸುಲಭವಾಗಿ ಕೀಳುವ ಟೇಪಿನಿಂದ ಅದೇ ಭಾಗಕ್ಕೆ ಅಂಟಿಸಿ. ಜೋಡಿಸುವಾಗ ಸಂಖ್ಯೆಯನ್ನು ಹಿಂದಿನಿಂದ ಮುಂದಕ್ಕೆ ಹಿಡಿಯಿರಿ. ಕೊನೆಗೆ ಯಾವ ಕವರಿನಲ್ಲೂ ಏನೂ ಉಳಿದಿರಬಾರದು.

ಐಸಿ (ಎಲೆಕ್ಟ್ರಾನಿಕ್ ಚಿಪ್), ಟ್ರಾನ್ಸಿಸ್ಟರ್‌ಗಳನ್ನು ಇದೇ ಕವರಿನಲ್ಲಿಡಬಹುದೇ? ಗುಲಾಬಿ ಕವರಿಗೂ ಬೆಳ್ಳಿ ಬಣ್ಣದ ಕವರಿಗೂ ಏನು ವ್ಯತ್ಯಾಸ?

ರೆಸಿಸ್ಟರ್, ವೈರು, ಸ್ವಿಚ್ಚು, ಕನೆಕ್ಟರ್‌ಗಳಿಗೆ ಸಾದಾ ಕವರು ಸಾಕು. ಐಸಿಗಳಿಗೆ ಮತ್ತು ಮಾಸ್‌ಫೆಟ್ ಎಂಬ ಬಗೆಯ ಟ್ರಾನ್ಸಿಸ್ಟರ್‌ಗಳಿಗೆ ಬೇಡ. ಪಾಲಿಥಿನ್ ಉಜ್ಜಿದಾಗ ಸ್ಥಾಯೀ ವಿದ್ಯುತ್ ಹುಟ್ಟುತ್ತದೆ. ನಮ್ಮ ಚರ್ಮಕ್ಕೆ ಚುರುಕ್ ಎನ್ನಬೇಕಾದರೆ ಸುಮಾರು 3,000 ವೋಲ್ಟ್ ಬೇಕು. ಕೆಲವು ಬಿಡಿಭಾಗಗಳು ನೂರು ವೋಲ್ಟಿಗಿಂತ ಕಡಿಮೆಯಲ್ಲೇ ಹಾಳಾಗುತ್ತವೆ. ಅಂದರೆ ನಿಮಗೆ ಗೊತ್ತೇ ಆಗದಂತೆ ಕೆಟ್ಟಿರುತ್ತದೆ.

ಗುಲಾಬಿ ಕವರು ತಾನು ವಿದ್ಯುತ್ ಹುಟ್ಟಿಸುವುದಿಲ್ಲ, ಅಷ್ಟೇ. ಹೊರಗಿನ ಕಿಡಿಯನ್ನು ತಡೆಯಲಾರದು. ಅದರಲ್ಲಿ ಬೆರೆಸಿದ ರಾಸಾಯನಿಕ ಕಾಲಕ್ರಮೇಣ ಸವೆಯುತ್ತದೆ, ಹಳೆಯ ಗುಲಾಬಿ ಕವರನ್ನು ನಂಬಬೇಡಿ. ಬೆಳ್ಳಿ ಬಣ್ಣದ್ದರಲ್ಲಿ ಲೋಹದ ತೆಳುಪದರವಿದ್ದು ಹೊರಗಿನ ಕಿಡಿಗೂ ಅಡ್ಡ ನಿಲ್ಲುತ್ತದೆ. ಸುಕ್ಕುಸುಕ್ಕಾಗಿ ಪದರ ಬಿರುಕುಬಿಟ್ಟಿದ್ದರೆ ಅದೂ ಕೆಲಸಕ್ಕೆ ಬಾರದು. ಸಾದಾ ಕವರಿನಲ್ಲಿ ಹಾಕಿ ಅದನ್ನು ಬೆಳ್ಳಿ ಕವರಿನೊಳಗಿಡುವುದು ಹಲವರು ಮಾಡುವ ತಪ್ಪು. ಉಜ್ಜುವ ಪದರ ಐಸಿಗೆ ತಾಗಿಕೊಂಡೇ ಇತ್ತಲ್ಲ!

ಬಟನ್ ಸೆಲ್‌ಗಳು?

ಒಂದು ಕವರಿಗೆ ಒಂದೇ ಸೆಲ್. ಹತ್ತಾರು ಸೆಲ್‌ಗಳು ಒಂದೇ ಕವರಿನಲ್ಲಿ ಒಂದಕ್ಕೊಂದು ತಾಗಿದರೆ ಶಾರ್ಟ್ ಆಗಿ ಖಾಲಿಯಾಗುತ್ತವೆ, ಬಿಸಿಯೂ ಆಗಬಹುದು. ಹಳೆಯದಕ್ಕೂ ಎರಡೂ ಮುಖಕ್ಕೆ ಟೇಪ್ ಅಂಟಿಸಿಯೇ ಇಡಿ. ಜಿಪ್ ಕವರನ್ನು ಮಗು ಸುಲಭವಾಗಿ ತೆರೆಯುತ್ತದೆ, ಅದನ್ನು ಮಕ್ಕಳ ಬೀಗ ಎಂದು ಭಾವಿಸಬೇಡಿ. ನುಂಗಿದ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಮೈ ಸುಟ್ಟು ಗಂಭೀರ ಗಾಯವಾಗಬಹುದು. ಅನುಮಾನ ಬಂದ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಪುಟ್ಟ ಬಲವಾದ ಅಯಸ್ಕಾಂತಗಳೂ ಇದೇ ಸಾಲಿನವು: ಎರಡು ನುಂಗಿದರೆ ಕರುಳಿನ ಗೋಡೆಯನ್ನು ನಡುವೆ ಹಿಡಿದು ತೂತು ಮಾಡಬಲ್ಲವು. ಎರಡನ್ನೂ ಬೀಗ ಹಾಕುವ ಡಬ್ಬಿಯಲ್ಲಿಡಿ.

ಸಣ್ಣ ಗಾಜಿನ ಮಣಿಗಳು ಕವರಿನ ಗೋಡೆಗೆ ಅಂಟಿಕೊಳ್ಳುತ್ತವೆ, ಸುರಿಯುವಾಗ ಚೆಲ್ಲಾಪಿಲ್ಲಿ. ಎಣಿಸುವುದೂ ಕಷ್ಟ.

ಅಂಟುವುದು ಮೇಲೆ ಹೇಳಿದ ಸ್ಥಾಯೀ ವಿದ್ಯುತ್ತಿನಿಂದಲೇ, ಗಾಳಿ ಒಣಗಿರುವ ದಿನಗಳಲ್ಲಿ ಹೆಚ್ಚು. ಕವರಿನ ಹೊರಮೈಯನ್ನು ಹಿಂಡಿದ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ ಒಂದು ನಿಮಿಷ ಬಿಡಿ, ಹೆಚ್ಚಿನವು ಕೆಳಗಿಳಿಯುತ್ತವೆ. ಮೇಲಿನ ಜಿಪ್ಪು ಪೂರ್ತಿ ತೆರೆಯಬೇಡಿ. ಒಂದು ಮೂಲೆಯಲ್ಲಿ ಒಂದು ಸೆಂ.ಮೀ. ಮಾತ್ರ ಬಿಡಿಸಿ, ಆ ಮೂಲೆ ಕೆಳಗಾಗುವಂತೆ ಓರೆ ಹಿಡಿದು ತಟ್ಟಿ. ಮರಳಿ ತುಂಬಲು ನಡುವೆ ಮಡಿಸಿದ ಕಾಗದದ ದೋಣಿ ಸಾಕು.

ಎಣಿಸಬೇಡಿ, ತೂಗಿ. 0.01 ಗ್ರಾಂವರೆಗೆ ತೋರಿಸುವ ಜೇಬಿನ ತಕ್ಕಡಿಯಲ್ಲಿ ನೂರು ಮಣಿ ಎಣಿಸಿ ತೂಗಿ, ಒಂದು ಗ್ರಾಂಗೆ ಎಷ್ಟು ಎಂದು ಚೀಟಿಯಲ್ಲಿ ಬರೆದಿಡಿ. ಆಮೇಲೆ ಕವರನ್ನೇ ತೂಗಿ, ಖಾಲಿ ಕವರಿನ ತೂಕ ಕಳೆದರೆ ಲೆಕ್ಕ ಸಿಗುತ್ತದೆ. ಸುಮಾರು 2 ಮಿ.ಮೀ.ಯ 11/0 ಅಳತೆಯ ದುಂಡು ಮಣಿ ಗ್ರಾಂಗೆ ಹೆಚ್ಚುಕಡಿಮೆ 110 ಬರುತ್ತದೆ, ಆದರೆ ತಯಾರಕರಿಂದ ತಯಾರಕರಿಗೆ, ಬಣ್ಣದಿಂದ ಬಣ್ಣಕ್ಕೂ ಬದಲಾಗುತ್ತದೆ. ನಿಮ್ಮದನ್ನು ನೀವೇ ತೂಗುವುದು ಲೇಸು. 2×3 ಕವರಿಗೆ 10 ಗ್ರಾಂ ಹಾಕಿ ನಿಲ್ಲಿಸಿ, ಹೆಚ್ಚು ಜಾಗವಿದೆ ಎಂದು ತುಂಬಬೇಡಿ.

ಬೆಳ್ಳಿ ಓಲೆ ಕವರಿನಲ್ಲಿಟ್ಟರೂ ಕಪ್ಪಾಯಿತು. ಮುತ್ತಿನದೂ ಮಂಕಾಗಿದೆ. ಸರ ಗಂಟಾಗುತ್ತದೆ.

ಮೂರೂ ಬೇರೆ ಬೇರೆ ಕತೆ. ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿನ ಗಂಧಕದ ಅನಿಲಗಳಿಂದ. ಕವರು ಅದನ್ನು ನಿಧಾನಿಸುತ್ತದೆ, ನಿಲ್ಲಿಸುವುದಿಲ್ಲ. ಒಳಗೆ ರಬ್ಬರ್ ಬ್ಯಾಂಡ್ ಹಾಕಿದ್ದರೆ ಗಂಧಕವನ್ನು ನೀವೇ ಕೂಡಿಹಾಕಿದಂತೆ. ಉಣ್ಣೆಯ ಬಟ್ಟೆಯೂ ಹಾಗೆಯೇ. ಮೆತ್ತನೆಯ ಹತ್ತಿಬಟ್ಟೆಯಿಂದ ಬೆವರು ಒರೆಸಿ, ಗಾಳಿ ಪೂರ್ತಿ ಒತ್ತಿ ತೆಗೆದು, ಕಪ್ಪಾಗುವುದನ್ನು ತಡೆಯುವ ಕಾಗದಪಟ್ಟಿಯ ಒಂದು ತುಂಡು ಹಾಕಿ ಮುಚ್ಚಿ. ಆ ಕವರನ್ನು ಇನ್ನೊಂದು ಕವರಿನಲ್ಲಿಡಿ.

ಮುತ್ತನ್ನು ಜಿಪ್ ಕವರಿನಲ್ಲಿ ಮುಚ್ಚಿಡಲೇಬೇಡಿ. ಅದರ ಪದರಗಳ ನಡುವೆ ಜೀವಮೂಲದ ಅಂಟು ಇದೆ, ಅದಕ್ಕೆ ಅಷ್ಟಿಷ್ಟು ತೇವ ಬೇಕು. ಸಿಲಿಕಾ ಜೊತೆಗಿಟ್ಟರಂತೂ ಬಿರುಕು ಬಿಡಬಹುದು. ಮೆತ್ತನೆಯ ಬಟ್ಟೆಯ ಚೀಲ ಸಾಕು, ಲೋಹ ಉಜ್ಜದಂತೆ ಬೇರೆಯಾಗಿ.

ಸರದ ಗಂಟಿಗೆ: ಕೊಂಡಿ ಹಾಕಿ, ಸರವನ್ನು ಒಳಗೆ ಬಿಟ್ಟು, ಕೊಂಡಿಯ ತುದಿ ಮಾತ್ರ ಜಿಪ್ಪಿನ ಮೂಲೆಯಿಂದ ಹೊರಗಿರುವಂತೆ ಮುಚ್ಚಿ. ತೆಳು ಸರಕ್ಕೆ ಮಾತ್ರ ಇದು ಸರಿ. ಜಿಪ್ಪು ಪೂರ್ತಿ ಮುಚ್ಚದ ಕಾರಣ ಬೆಳ್ಳಿಗೆ ಈ ಉಪಾಯ ಬೇಡ.

ಹಳೆಯ ನಾಣ್ಯಗಳಿಗೆ ಯಾವ ಕವರು? ಮನೆಯಲ್ಲಿರುವ ಕವರು ಮೆತ್ತಗೆ, ವಾಸನೆ ಬರುವಂತಿದೆ.

ಮೆತ್ತಗಿದ್ದು ವಾಸನೆ ಬರುವ ಪ್ಲಾಸ್ಟಿಕ್ ಪಿವಿಸಿ ಇರಬಹುದು. ಅದನ್ನು ಮೆದುವಾಗಿಸಲು ಬೆರೆಸಿದ ಎಣ್ಣೆಯಂಥ ವಸ್ತು ನಿಧಾನವಾಗಿ ಹೊರಬರುತ್ತದೆ. ಪಿವಿಸಿ ಕೊಳೆಯುತ್ತಾ ಬಿಡುವ ಆಮ್ಲ ತಾಮ್ರದ ನಾಣ್ಯದ ಮೇಲೆ ಅಂಟಾದ ಹಸಿರು ಲೋಳೆ ಕಟ್ಟಿಸುತ್ತದೆ. ಪರೀಕ್ಷೆ ಸುಲಭ: ಕವರಿನ ಚಿಕ್ಕ ತುಂಡು ಕತ್ತರಿಸಿ, ಒಂದು ಹನಿ ಸೋಪು ಹಾಕಿದ ನೀರಿನಲ್ಲಿ ಮುಳುಗಿಸಿ ಗುಳ್ಳೆ ಬಿಡಿಸಿ. ತೇಲಿದರೆ ಪಾಲಿಥಿನ್ ಅಥವಾ ಪಾಲಿಪ್ರೊಪಿಲೀನ್, ಮುಳುಗಿದರೆ ಬೇರೇನೋ, ನಾಣ್ಯಕ್ಕೆ ಬಳಸಬೇಡಿ. ತೇಲುವ ಕವರಿನಲ್ಲೂ ಒಂದಕ್ಕೆ ಒಂದೇ ನಾಣ್ಯ.

ಬಿತ್ತನೆ ಬೀಜ ಜಿಪ್ ಕವರಿನಲ್ಲಿ ಬೂಸು ಹಿಡಿಯಿತು.

ಒಣಗದ ಬೀಜವನ್ನು ಮುಚ್ಚಿದ್ದೀರಿ. ಕವರು ತೇವವನ್ನು ಹೊರಗಿಡುವಂತೆ ಒಳಗೂ ಹಿಡಿದಿಡುತ್ತದೆ. ಬೀಜದ ತೇವಾಂಶ 8 ಶೇಕಡಕ್ಕಿಂತ ಕೆಳಗಿಳಿದ ಮೇಲೆ ಮುಚ್ಚಬೇಕು. ತೆಳು ಬೀಜ ಬಾಗದೆ ಪಟ್ಟೆಂದು ಮುರಿಯಬೇಕು, ದಪ್ಪದ್ದು ಸುತ್ತಿಗೆ ಏಟಿಗೆ ಜಜ್ಜಿಹೋಗದೆ ಚೂರಾಗಬೇಕು. ನೆರಳಲ್ಲಿ ಒಣಗಿಸಿದ ಬೀಜವನ್ನು ಕಾಗದದ ಪೊಟ್ಟಣದಲ್ಲಿ ಹಾಕಿ, ಅದರಷ್ಟೇ ತೂಕದ ಒಣ ಸಿಲಿಕಾದೊಂದಿಗೆ ಬಿಗಿ ಮುಚ್ಚಳದ ಜಾಡಿಯಲ್ಲಿ ಒಂದು ವಾರ ಇಡಿ. ನಂತರ ಕಾಗದದ ಪೊಟ್ಟಣದ ಸಮೇತ ಜಿಪ್ ಕವರಿಗೆ ಹಾಕಿ, ಫ್ರಿಜ್‌ನಲ್ಲಿ ಒಂದು ಡಬ್ಬಿಯೊಳಗಿಡಿ. ಬೀಜತಜ್ಞರು ಬಳಸುವ ಸ್ಥೂಲ ಲೆಕ್ಕವೊಂದಿದೆ: ತೇವಾಂಶ 1 ಶೇಕಡ ಇಳಿದರೆ, ಅಥವಾ ತಾಪಮಾನ 5 ಡಿಗ್ರಿ ಸೆಲ್ಸಿಯಸ್ ಇಳಿದರೆ, ಬೀಜದ ಆಯಸ್ಸು ಎರಡು ಪಟ್ಟಾಗುತ್ತದೆ. ತೇವಾಂಶ 5ರಿಂದ 14 ಶೇಕಡದ ನಡುವೆ ಇದ್ದಾಗ ಮಾತ್ರ ಈ ಲೆಕ್ಕ.

ಹೊರತೆಗೆದ ಕೂಡಲೇ ಕವರು ಬಿಚ್ಚಬೇಡಿ. ಕೋಣೆಯ ಬಿಸಿಗೆ ಬರುವವರೆಗೆ ಕೆಲವು ಗಂಟೆ ಮುಚ್ಚಿದಂತೆಯೇ ಇರಲಿ, ಇಲ್ಲದಿದ್ದರೆ ತಣ್ಣನೆ ಬೀಜದ ಮೇಲೆ ಇಬ್ಬನಿಯಂತೆ ನೀರು ಕೂತು ಅಷ್ಟೂ ಕೆಲಸ ನೀರುಪಾಲು. ಮಾವು, ಕೋಕೋದಂಥ ಬೀಜಗಳಿಗೆ ಇದಾವುದೂ ಸಲ್ಲದು. ಒಣಗಿದರೆ ಅವು ಸಾಯುತ್ತವೆ.

ದಿನದ ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ ಕವರಿನಲ್ಲಿಡಬಹುದೇ?

ಸ್ಟ್ರಿಪ್ಪನ್ನೇ ಕತ್ತರಿಸಿ ಇಡಿ, ಮಾತ್ರೆ ಬಿಡಿಸಬೇಡಿ. ಹೆಸರು, ಅವಧಿ ಮುಗಿಯುವ ದಿನ ಸ್ಟ್ರಿಪ್‌ನ ಮೇಲಿರುತ್ತವೆ. ತೇವಕ್ಕೂ ಬೆಳಕಿಗೂ ಕೆಡುವ ಮಾತ್ರೆಗಳಿವೆ. ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೋಗ್ಲಿಸರಿನ್ ಮಾತ್ರೆಯನ್ನಂತೂ ಅದು ಬಂದ ಗಾಜಿನ ಸೀಸೆಯಿಂದ ಪ್ಲಾಸ್ಟಿಕ್ ಕವರಿಗೆ ಬದಲಾಯಿಸಲೇಬೇಡಿ. ಔಷಧದ ಅಂಶವೇ ಆವಿಯಾಗಿ ಪ್ಲಾಸ್ಟಿಕ್ಕಿಗೆ ಸೇರಿ, ಮಾತ್ರೆ ಸತ್ವ ಕಳೆದುಕೊಳ್ಳುತ್ತದೆ.

ಸೂಜಿ, ಗುಂಡುಪಿನ್ನು ಕವರು ತೂರಿ ಬರುತ್ತವೆ.

ದಪ್ಪ ಕಾಗದದ ತುಂಡಿಗೆ ಎರಡು ಕಡೆ ಚುಚ್ಚಿ ಕೂರಿಸಿ, ಅದನ್ನು ಮಡಿಸಿ ಕವರಿಗೆ ಹಾಕಿ. ಬಿಡಿ ಸೂಜಿಗೆ ಅಗಲ ಸ್ಟ್ರಾದ ತುಂಡು: ಒಂದು ತುದಿ ಮಡಿಸಿ ಟೇಪ್ ಹಾಕಿ, ಸೂಜಿ ಇಳಿಸಿ, ಇನ್ನೊಂದು ತುದಿಯನ್ನೂ ಹಾಗೆಯೇ.

ನೂರಿನ್ನೂರು ಕವರುಗಳಾದವು. ಒಂದನ್ನು ಹುಡುಕಲು ಎಲ್ಲವನ್ನೂ ಸುರಿಯಬೇಕು.

ಮಲಗಿಸಿ ಪೇರಿಸಬೇಡಿ, ಗ್ರಂಥಾಲಯದ ಕಾರ್ಡುಗಳಂತೆ ನಿಲ್ಲಿಸಿ. ಕವರಿನ ಅಗಲಕ್ಕಿಂತ 5–10 ಮಿ.ಮೀ. ಹೆಚ್ಚು ಅಗಲದ ಉದ್ದ ಡಬ್ಬಿ ಬೇಕು, ಎತ್ತರ ಜಿಪ್ಪಿನವರೆಗೆ ಬಂದರೆ ಸಾಕು. ಎಲ್ಲವೂ ಒಂದೇ ಅಗಲದ ಕವರುಗಳಾಗಿರಲಿ. 2 ಇಂಚಿನದೂ 4 ಇಂಚಿನದೂ ಬೆರೆತರೆ ಚಿಕ್ಕದ್ದು ಕಳೆದುಹೋಗುತ್ತದೆ. ಚಿಕ್ಕದ್ದಕ್ಕೆ ದೊಡ್ಡ ಕವರು ಬಳಸುವುದು ಇಲ್ಲಿ ದುಂದಲ್ಲ. ಪ್ರತಿ ಹದಿನೈದು ಇಪ್ಪತ್ತು ಕವರಿಗೆ ಒಂದು ರಟ್ಟಿನ ತಡೆ, ಅದು ಕವರಿಗಿಂತ ಒಂದು ಸೆಂ.ಮೀ. ಎತ್ತರವಿದ್ದು ಮೇಲೆ ಹೆಸರಿರಲಿ. ಗಾಳಿ ತೆಗೆಯದೆ ಮುಚ್ಚಿದ ಕವರು ಮೂರು ಕವರಿನ ಜಾಗ ತಿನ್ನುತ್ತದೆ. ಭಾರದ್ದು ಒಂದೇ ಕಡೆ ಸೇರದಂತೆ ಹಂಚಿ, ಇಲ್ಲವಾದರೆ ಸಾಲು ಒಂದು ಬದಿಗೆ ಮಗುಚುತ್ತದೆ. ಡಬ್ಬಿಯಲ್ಲಿ ಐದರಲ್ಲೊಂದು ಪಾಲು ಖಾಲಿ ಬಿಡಿ, ಬೆರಳು ಹೋಗಬೇಕಲ್ಲ.

ತೂಗುಹಾಕುವವರು ಜಿಪ್ಪಿನ ಮೇಲಿನ ತುಟಿಯಲ್ಲಿ ತೂತು ಮಾಡಿ ಬಳೆಗೆ ಪೋಣಿಸುತ್ತಾರೆ. ತೂತು ಜಿಪ್ಪಿನ ಕೆಳಗೆ ಬಿದ್ದರೆ ಕವರು ಮುಚ್ಚಿಯೂ ಮುಚ್ಚದಂತೆ. ಹತ್ತು ಗ್ರಾಂಗಿಂತ ಭಾರದ್ದಾದರೆ ತುಟಿಗೆ ಮೊದಲು ಟೇಪ್ ಹಾಕಿ ಆಮೇಲೆ ತೂತು ಮಾಡಿ.

ಬಳಸಿದ ಕವರನ್ನು ತೊಳೆದು ಮತ್ತೆ ಬಳಸಬಹುದೇ?

ಮಣಿ, ಗುಂಡಿ, ಕಾಗದ ಇಟ್ಟದ್ದನ್ನು ಬಳಸಬಹುದು. ಒಳಹೊರಗು ಮಾಡಿ ಉಗುರು ಬೆಚ್ಚನೆ ಸೋಪು ನೀರಿನಲ್ಲಿ ತೊಳೆದು, ಕಡ್ಡಿಯ ಮೇಲೆ ಬೋರಲು ಹಾಕಿ ಒಂದು ದಿನ ಒಣಗಿಸಿ. ತೋಡಿನೊಳಗಿನ ನೀರು ಎಲ್ಲಕ್ಕಿಂತ ಕೊನೆಗೆ ಆರುತ್ತದೆ. ಬಿಸಿಲಿಗೆ ದಿನಗಟ್ಟಲೆ ಬಿಡಬೇಡಿ, ಪ್ಲಾಸ್ಟಿಕ್ ಪೆಡಸಾಗುತ್ತದೆ. ಎಣ್ಣೆ, ರಾಸಾಯನಿಕ, ಸೆಲ್ ಇಟ್ಟಿದ್ದ ಕವರನ್ನು ಬೇರೆ ಯಾವುದಕ್ಕೂ ಬಳಸಬೇಡಿ. ತ್ರಿಕೋನದೊಳಗೆ 4 ಎಂದಿದ್ದರೆ ಅದು ಕಡಿಮೆ ಸಾಂದ್ರತೆಯ ಪಾಲಿಥಿನ್, ಮರುಬಳಕೆಗೆ ಹೋಗಬಲ್ಲದ್ದು. ಕೊಡುವ ಮೊದಲು ಒಳಗಿನ ಚೀಟಿಯನ್ನೂ ಸಿಲಿಕಾ ಪೊಟ್ಟಣವನ್ನೂ ತೆಗೆದಿರಿ.